ಬನಾರಸದಿಂದ ಕಲ್ಯಾಣದೆಡೆಗೆ: ಉತ್ತಂಗಿ ಚನ್ನಪ್ಪನವರಲ್ಲಿ ನಂಬಿಕೆ ಮತ್ತು ನೆಲೆಯ ಪ್ರಶ್ನೆ

ಹಿರಿಯೂರಿನಿಂದ ಶಿರಾ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸಿಗುವ ಜವನಗೊಂಡನಹಳ್ಳಿಯಂಥ ಊರುಗಳಲ್ಲಿ ಸರ್ವಜ್ಞನ ತ್ರಿಪದಿಯನ್ನು ಗಾದೆಯಂತೆ ಬಳಸುವ ಹಿರಿಯರು ಇಂದಿಗೂ ಇದ್ದಾರೆ. ಸಾಲ, ಸೋಲು, ನೆಂಟಸ್ತನ, ಜಾತಿ, ಯಾವುದರ ಮಾತು ಬಂದರೂ ಒಂದು ತ್ರಿಪದಿ ಅವರ ನಾಲಗೆಯ ಮೇಲೆ ಸಿದ್ಧವಾಗಿರುತ್ತದೆ. ಆ ತ್ರಿಪದಿಗಳನ್ನು ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ಕೂಡಿಸಿ, ಸುಮಾರು ಎರಡು ಸಾವಿರ ಪದ್ಯಗಳನ್ನು ೧೯೨೪ರಲ್ಲಿ ಗ್ರಂಥರೂಪಕ್ಕೆ ತಂದವರು ಒಬ್ಬ ಕ್ರೈಸ್ತ ಸಭಾಪಾಲಕರು ಎಂಬ ಸಂಗತಿ ಮಾತ್ರ ವಿದ್ವತ್ ವಲಯದ ಹೊರಗೆ ಅಷ್ಟಾಗಿ ಹಬ್ಬಿಲ್ಲ. ಅವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು (೧೮೮೧-೧೯೬೨).

ವಿದ್ವತ್ ವಲಯದಲ್ಲಿ ಅವರ ಹೆಸರು ಬಂದಾಗಲೆಲ್ಲ ಒಂದು ಬಗೆಯ ವಾಕ್ಯ ತಪ್ಪದೆ ಬರುತ್ತದೆ: ಅವರು ಕ್ರೈಸ್ತರಾಗಿದ್ದೂ ಕನ್ನಡದ ಸೇವೆ ಮಾಡಿದರು, ಕ್ರೈಸ್ತರಾಗಿದ್ದೂ ವಚನಗಳನ್ನು ಪ್ರೀತಿಸಿದರು. ಮೆಚ್ಚುಗೆಯಿಂದಲೇ ಹೇಳುವ ಈ ಮಾತಿನಲ್ಲಿರುವ ‘ಇದ್ದೂ’ ಎಂಬುದನ್ನು ವಿಮರ್ಶೆ ತಡೆದು ನಿಲ್ಲಿಸಿ ಕೇಳಬೇಕಾಗಿದೆ. ನಂಬಿಕೆಯು ಕನ್ನಡತನಕ್ಕೆ ಅಡ್ಡಿಯೆಂದೂ, ಉತ್ತಂಗಿಯವರು ಆ ಅಡ್ಡಿಯನ್ನು ಹೇಗೋ ದಾಟಿದರೆಂದೂ ಅದು ಮೊದಲೇ ಒಪ್ಪಿಕೊಂಡುಬಿಡುತ್ತದೆ. ಸಭೆಯೊಳಗೂ ಇದಕ್ಕೆ ಸಮನಾದ ಇನ್ನೊಂದು ಸಂಶಯವಿದೆ. ಬಸವಣ್ಣನನ್ನೂ ಸಿದ್ಧರಾಮನನ್ನೂ ಇಷ್ಟು ಹಚ್ಚಿಕೊಂಡವರು ಕ್ರಿಸ್ತನಲ್ಲಿ ಎಷ್ಟು ಗಟ್ಟಿ ಎಂಬುದೇ ಆ ಸಂಶಯ. ಈ ಎರಡೂ ಅನುಮಾನಗಳ ನಡುವೆ ಅವರು ತಮ್ಮ ನೆಲೆಯನ್ನು ಹೇಗೆ ಕಂಡುಕೊಂಡರು ಎಂಬುದನ್ನು ಅವರ ಕೃತಿಗಳ ಹಾದಿಯಲ್ಲಿ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧

ಉತ್ತಂಗಿಯವರ ಇಕ್ಕಟ್ಟು ಅವರೊಬ್ಬರದೇ ಆಗಿರಲಿಲ್ಲ. ಬಾಸೆಲ್ ಮಿಶನ್ ೧೮೩೪ರಲ್ಲಿ ಮಂಗಳೂರಿಗೂ ೧೮೩೭ರಲ್ಲಿ ಧಾರವಾಡಕ್ಕೂ ಬಂದಿತು. ದೀಕ್ಷಾಸ್ನಾನ ಪಡೆದವನಿಗೆ ಜಾತಿಯ ಜೊತೆಗೆ ಮನೆ, ಕಸುಬು, ನಂಟು ಎಲ್ಲವೂ ತಪ್ಪುತ್ತಿದ್ದವು. ಹೀಗೆ ಹೊರಬಿದ್ದವರ ಹೊಟ್ಟೆಪಾಡಿಗೆಂದು ಮಿಶನ್ ನೇಯ್ಗೆಯ ಶಾಲೆಗಳನ್ನು ನಡೆಸಿತು. ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಇದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಗುರು, ಧಣಿ, ಶಾಲೆಯ ಮೇಷ್ಟ್ರು ಎಲ್ಲರೂ ಒಂದೇ ಸಂಸ್ಥೆಯವರಾದಾಗ ನಂಬಿಕೆಯ ಒಂದು ಸಂದೇಹವನ್ನು ಬಾಯಿಬಿಟ್ಟು ಹೇಳುವುದೂ ಬದುಕಿನ ಆಸರೆಯನ್ನು ಪಣಕ್ಕಿಡುವ ಕೆಲಸವಾಗುತ್ತದೆ. ಸಭೆಗೆ ಸೇರಿದವನಾಗಿರುವುದು ಮತ್ತು ಸಭೆಯ ಹಂಗಿನಲ್ಲಿರುವುದು ಇವೆರಡರ ನಡುವಣ ಗೆರೆ ಆ ಕಾಲದಲ್ಲಿ ಬಹಳ ತೆಳುವಾಗಿತ್ತು.

ಈ ಗೆರೆಯನ್ನು ತಮ್ಮ ಬಾಳಿನಲ್ಲೇ ಕಂಡವರಿದ್ದಾರೆ. ೧೮೪೪ರಲ್ಲಿ ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯರು ಕ್ರೈಸ್ತರಾದಾಗ ಊರೇ ಕಲಕಿಹೋಯಿತು. ಅವರು ಬಾಸೆಲ್‌ಗೆ ಹೋಗಿ ಓದಿ, ದೀಕ್ಷೆ ಪಡೆದು ಮರಳಿದರು. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ೧೮೫೮ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ೧೮೮೩ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆದರೆ ಸಸ್ಯಾಹಾರವನ್ನು ಬಿಡಲಿಲ್ಲ. ತಮಗೆ ಮನವರಿಕೆಯಾಗದ ಸಿದ್ಧಾಂತಕ್ಕೆ ಬರಿಯ ವಿಧೇಯತೆಯಿಂದ ತಲೆಬಾಗಲು ಒಪ್ಪಲಿಲ್ಲ. ತಮ್ಮನ್ನು ಸಲಹಿದ ಸಂನ್ಯಾಸಿನಿಯೊಂದಿಗೇ ಪತ್ರಗಳಲ್ಲಿ ವಾದಕ್ಕಿಳಿದರು. ಕ್ರಿಸ್ತನನ್ನು ಒಪ್ಪುವುದು ಬೇರೆ, ಸಭೆಯ ಅಧಿಕಾರವನ್ನು ಒಪ್ಪುವುದು ಬೇರೆ ಎಂಬ ವಿವೇಕ ಅವರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಉತ್ತಂಗಿಯವರ ಸ್ಥಿತಿ ಇವರಿಬ್ಬರಿಗಿಂತ ಭಿನ್ನ. ಅವರು ಮತಾಂತರಗೊಂಡವರಲ್ಲ, ಲಿಂಗಾಯತ ಮೂಲದ ಕ್ರೈಸ್ತ ಮನೆತನದಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಬಿಟ್ಟು ಬಂದದ್ದರ ನೋವಾಗಲಿ ಹೊಸದನ್ನು ಪಡೆದ ಸಂಭ್ರಮವಾಗಲಿ ಅವರ ಪಾಲಿಗಿರಲಿಲ್ಲ. ಹಿರಿಯರು ಮಾಡಿದ ಆಯ್ಕೆಯ ಫಲವಾಗಿ ತಾನು ಕಾಣದೆಯೇ ಕಳೆದುಕೊಂಡ ಒಂದು ಆಸ್ತಿಯ ಅರಿವು ಮಾತ್ರ ಇದ್ದಿತು.

೨

೧೯೨೧ರಲ್ಲಿ ಪ್ರಕಟವಾದ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಕೃತಿಯ ಶೀರ್ಷಿಕೆಯೇ ವಿಚಾರಕ್ಕೆ ಅರ್ಹವಾಗಿದೆ. ಅಸಹಕಾರ ಚಳವಳಿಯ ಕಾಲವದು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿರಿಸಿ ಹೊರಗೆ ಕಳಿಸಿದ್ದರಿಂದ ಬಾಸೆಲ್ ಮಿಶನ್ನಿನ ಸಭೆಗಳು ಆಸರೆ ತಪ್ಪಿದಂತಿದ್ದ ಕಾಲವೂ ಹೌದು. ಅಂಥ ಹೊತ್ತಿನಲ್ಲಿ ಇಲ್ಲಿ ಮಾತಾಡುತ್ತಿರುವುದು ಬಾಸೆಲ್ ಅಲ್ಲ, ರೋಮ್ ಅಲ್ಲ, ಲಂಡನ್ನೂ ಅಲ್ಲ; ಏಶ್ಯಾದ ಒಂದು ಸಣ್ಣ ಊರು. ಅದು ಆಡುತ್ತಿರುವುದು ಆಜ್ಞೆಯನ್ನಲ್ಲ, ವಿನಂತಿಯನ್ನು. ಯುರೋಪನ್ನು ನಡುವಿನಿಂದ ಸರಿಸಿ ಎರಡು ಪೂರ್ವದೇಶದ ಕ್ಷೇತ್ರಗಳನ್ನು ಎದುರುಬದುರು ಕೂರಿಸಿದ್ದು ವಸಾಹತು ಕಾಲದ ಕ್ರೈಸ್ತನೊಬ್ಬ ಮಾಡಬಹುದಾಗಿದ್ದ ದಿಟ್ಟ ಕೆಲಸಗಳಲ್ಲಿ ಒಂದು.

ಆದರೆ ಇದೇ ಶೀರ್ಷಿಕೆಯಲ್ಲಿ ಒಂದು ಮಿತಿಯೂ ಇದೆ. ವಿನಂತಿ ಹೋಗಿರುವುದು ಬನಾರಸಕ್ಕೆ. ಲಿಂಗಾಯತ ಮೂಲದ ಕನ್ನಡಿಗನೊಬ್ಬ ಈ ನಾಡಿನ ಧರ್ಮದೊಡನೆ ಮಾತಾಡಬಯಸಿದಾಗ ವೈದಿಕ ವಿದ್ಯೆಯ ದೂರದ ಕ್ಷೇತ್ರವೇ ಅವನ ಕಣ್ಣಿಗೆ ಬಿದ್ದದ್ದೇಕೆ? ಮಿಶನರಿ ವಿದ್ವತ್ತು ‘ಹಿಂದೂ ಧರ್ಮ’ವೆಂದು ಮುಖ್ಯವಾಗಿ ಗುರುತಿಸಿದ್ದು ಸಂಸ್ಕೃತದ ಗ್ರಂಥಗಳನ್ನು; ರಾಷ್ಟ್ರೀಯ ಚಳವಳಿಯ ಕಲ್ಪನೆಯೂ ಬಹುಮಟ್ಟಿಗೆ ಅದೇ ಆಗಿತ್ತು. ಇವೆರಡರ ನಡುವೆ ಬೆಳೆದ ಉತ್ತಂಗಿಯವರು ತಮ್ಮ ಮನೆಯ ಹಿತ್ತಿಲನ್ನು ಇನ್ನೂ ನೋಡಿರಲಿಲ್ಲವೆಂದು ಈ ಶೀರ್ಷಿಕೆಯಿಂದ ಊಹಿಸಬಹುದು.

ಅವರ ಮುಂದಿನ ನಾಲ್ಕು ದಶಕಗಳನ್ನು ಈ ದೃಷ್ಟಿಯಿಂದ ನೋಡಿದರೆ ಬನಾರಸದಿಂದ ಕಲ್ಯಾಣದೆಡೆಗಿನ ಪಯಣವೆಂದು ಕಾಣುತ್ತದೆ. ಮೊದಲು ಸರ್ವಜ್ಞ, ಬಳಿಕ ಬಸವಣ್ಣ, ಸಿದ್ಧರಾಮ, ಮೋಳಿಗೆಯ ಮಾರಯ್ಯ, ಆದಯ್ಯ, ಅನುಭವ ಮಂಟಪವೆಂಬುದು ಕೇವಲ ಕಲ್ಪನೆ ಎಂಬ ವಾದ ಎದ್ದಾಗ ಅದರ ಐತಿಹಾಸಿಕತೆಯನ್ನು ಸ್ಥಾಪಿಸಲು ಬರೆದ ಗ್ರಂಥ. ಧಾರವಾಡದಲ್ಲೇ ಹುಟ್ಟಿದ ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ೧೯೨೩ರಲ್ಲಿ ಹೊರತಂದರು, ಮರುವರ್ಷವೇ ಉತ್ತಂಗಿಯವರ ಸರ್ವಜ್ಞ ಬಂದಿತು. ಹಳಕಟ್ಟಿಯವರಿಗೆ ಅದು ಪರಂಪರೆಯ ರಕ್ಷಣೆ. ಉತ್ತಂಗಿಯವರಿಗೆ ಅದು ಪರಂಪರೆಯೊಳಕ್ಕೆ ಮತ್ತೆ ಕಾಲಿಡುವ ಹಾದಿಯೂ ಆಗಿತ್ತು.

ಮೊದಲ ಹೆಜ್ಜೆ ಸರ್ವಜ್ಞನೆಡೆಗೆ ಹೋದದ್ದು ಆಕಸ್ಮಿಕವಲ್ಲವೆಂದು ತೋರುತ್ತದೆ. ಬ್ರಾಹ್ಮಣ ತಂದೆಗೂ ಕುಂಬಾರ ತಾಯಿಗೂ ಹುಟ್ಟಿದವನೆಂದು ಐತಿಹ್ಯ ಹೇಳುವ ಈ ಕವಿ ಯಾವ ಕುಲಕ್ಕೂ ಪೂರ್ತಿ ಸಲ್ಲದೆ ತಿರುಪೆಯವನಾಗಿ ನಾಡೆಲ್ಲ ಅಲೆದವನು. ಲಿಂಗಾಯತರಿಗೆ ಕ್ರೈಸ್ತರೂ ಕ್ರೈಸ್ತರಿಗೆ ಲಿಂಗಾಯತರೂ ಆಗಿ ಕಂಡ ಸಂಪಾದಕರಿಗೆ ಇವನಿಗಿಂತ ತಕ್ಕ ಜೊತೆಗಾರ ಸಿಗುವುದು ಕಷ್ಟ. ‘ತಿರುಳ್ಗನ್ನಡದ ತಿರುಕ’ ಎಂಬ ಹೆಸರು ಅವರಿಗೆ ಒಪ್ಪಿದ್ದರ ಅರ್ಥವೂ ಇಲ್ಲಿದೆ. ಸುವಾರ್ತೆಯನ್ನು ಹಂಚುವುದು ಸಭಾಪಾಲಕನ ಕೆಲಸ. ತಿರುಕನದು ಬೇಡುವ ಕೆಲಸ. ಹಂಚಬೇಕಾದವರು ಜನರ ಮುಂದೆ ಕೈಯೊಡ್ಡಿ ಪದ್ಯ ಬೇಡಿದಾಗ ಮಿಶನ್ ಕಟ್ಟಿದ್ದ ಕೊಡುವವ-ಪಡೆಯುವವರ ಸಂಬಂಧವೇ ತಲೆಕೆಳಗಾಯಿತು.

ಇಲ್ಲಿ ಕಿಟೆಲ್ಲರೊಡನೆ ಹೋಲಿಕೆ ಅವಶ್ಯ. ಕ್ರಿಸ್ತನ ಚರಿತೆಯನ್ನು ಕನ್ನಡ ಪದ್ಯದಲ್ಲಿ ಹೇಳಿದ ‘ಕಥಾಮಾಲೆ’ (೧೮೬೨) ಮತ್ತು ೧೮೯೪ರ ನಿಘಂಟು ಎರಡೂ ಕನ್ನಡದ ಮೇಲಿನ ಅಪಾರ ಪ್ರೀತಿಯ ಫಲಗಳೇ. ಆದರೆ ಕಿಟೆಲ್ಲರು ಕನ್ನಡವನ್ನು ಆರಿಸಿಕೊಂಡವರು. ಉತ್ತಂಗಿಯವರು ಆರಿಸಿಕೊಳ್ಳುವ ಮಾತೇ ಇರಲಿಲ್ಲ. ಅವರು ಕೇಳಿದ್ದು ತಮ್ಮದೇ ಪಾಲನ್ನು. ಕ್ರಿಸ್ತನನ್ನು ನಂಬಿದ ಮಾತ್ರಕ್ಕೆ ಕಲ್ಯಾಣದ ಮೇಲಿನ ಹಕ್ಕು ಕಳೆಯುವುದಿಲ್ಲ ಎಂಬುದು ಅವರ ಸಂಪಾದನೆಗಳೆಲ್ಲದರ ಹಿಂದಿರುವ ಪ್ರತಿಪಾದನೆ.

೩

ಈ ಸಾಧನೆಯನ್ನು ಮೆಚ್ಚುವಾಗ ಅದರ ಕೊರತೆಯನ್ನೂ ಹೇಳಬೇಕಾಗುತ್ತದೆ. ಮರಳಿ ಪಡೆಯಲು ಒಂದು ಗ್ರಂಥಭಂಡಾರ ಉಳ್ಳವರಿಗೆ ಮಾತ್ರ ಈ ಹಾದಿ ತೆರೆದಿದೆ. ಸಭೆಗೆ ಬಂದ ಅಸ್ಪೃಶ್ಯ ಸಮುದಾಯಗಳವರಿಗೆ ಬಿಟ್ಟು ಬಂದದ್ದರಲ್ಲಿ ಮರಳಿ ಬೇಕೆನ್ನಿಸುವಂಥದ್ದು ಎಷ್ಟಿತ್ತು? ಅವರಿಗೆ ಸಭೆ ಮೊದಲ ಸಲ ನೆಟ್ಟಗೆ ನಿಲ್ಲಲು ಸಿಕ್ಕಿದ ಜಾಗವಾಗಿತ್ತು. ಅಲ್ಲಿಯೂ ಜಾತಿ ಬೆನ್ನು ಬಿಡಲಿಲ್ಲ. ೧೯೫೦ರ ಪರಿಶಿಷ್ಟ ಜಾತಿಗಳ ಆದೇಶ ಕ್ರೈಸ್ತರಾದ ದಲಿತರನ್ನು ಪಟ್ಟಿಯಿಂದ ಹೊರಗಿಟ್ಟಿತು. ಸಭೆಯಲ್ಲಿ ದಲಿತ, ಸರಕಾರದ ಕಾಗದದಲ್ಲಿ ಬರಿಯ ಕ್ರೈಸ್ತ ಎಂಬ ಅವರ ಇಬ್ಬಂದಿಗೆ ಉತ್ತಂಗಿಯವರ ಮಾದರಿಯಲ್ಲಿ ಉತ್ತರ ದೊರೆಯುವುದಿಲ್ಲ. ಅಸ್ಪೃಶ್ಯತೆಯ ಬಗ್ಗೆ ಅವರು ಬರೆದದ್ದು ಬಸವಣ್ಣನನ್ನು ಮುಂದಿಟ್ಟುಕೊಂಡು; ಸಭೆಯ ಒಳಗಿನ ಪಂಕ್ತಿಭೇದವನ್ನು ಅಷ್ಟೇ ನೇರವಾಗಿ ಕೇಳುವ ಕೆಲಸ ಮುಂದಿನವರಿಗೆ ಉಳಿಯಿತು.

ಪ್ರಶ್ನೆ ಇಂದಿಗೂ ಮುಗಿದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ (೧೯೬೨-೬೫) ಪೂಜೆಗೆ ದೇಶಭಾಷೆಗಳನ್ನು ಒಪ್ಪಿದ ಮೇಲೂ ಬೆಂಗಳೂರಿನ ಕಥೋಲಿಕ ಚರ್ಚುಗಳಲ್ಲಿ ಕನ್ನಡದ ಸ್ಥಾನಕ್ಕಾಗಿ ಕನ್ನಡ ಕ್ರೈಸ್ತರು ದಶಕಗಟ್ಟಲೆ ಹೋರಾಡಬೇಕಾಯಿತು. ೨೦೦೮ರ ಸೆಪ್ಟೆಂಬರಿನಲ್ಲಿ ಕರಾವಳಿ ಮತ್ತಿತರ ಜಿಲ್ಲೆಗಳಲ್ಲಿ ಚರ್ಚುಗಳ ಮೇಲೆ ದಾಳಿ ನಡೆದಾಗ, ನೀವು ನಮ್ಮವರೇ ಎಂಬ ಹಳೆಯ ಪ್ರಶ್ನೆ ಕಲ್ಲಿನ ರೂಪದಲ್ಲಿ ಬಂದು ಬಿದ್ದಿತು. ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಬರೆದ ನಾ. ಡಿಸೋಜರು ೨೦೧೪ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದುದನ್ನು ನಾಡು ಸಂತೋಷದಿಂದ ಕಂಡಿತು, ನಿಜ. ಆದರೆ ಆ ಸಂತೋಷದ ಮಾತುಗಳಲ್ಲೂ ಮತ್ತೆ ಅದೇ ‘ಇದ್ದೂ’ ಇಣುಕದಿರಲಿಲ್ಲ.

ಉತ್ತಂಗಿಯವರು ೧೯೪೯ರಲ್ಲಿ ಕಲಬುರಗಿಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ನಿಜಾಮರ ಆಳ್ವಿಕೆ ಕೊನೆಗೊಂಡು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅವರ ಹೆಸರಿನಲ್ಲಿರುವ ಉತ್ತಂಗಿ ಮದರಾಸು ಪ್ರಾಂತದಲ್ಲಿತ್ತು, ಹುಟ್ಟಿದ ಧಾರವಾಡ ಮುಂಬಯಿ ಪ್ರಾಂತದಲ್ಲಿ, ಅಧ್ಯಕ್ಷರಾದ ಊರು ಹೈದರಾಬಾದಿನಲ್ಲಿ. ಚಿತ್ರದುರ್ಗದ ಸೀಮೆ ಮೈಸೂರಿನಲ್ಲಿ. ನಾಡು ಹೀಗೆ ಹಂಚಿಹೋಗಿದ್ದಾಗಲೂ ಸರ್ವಜ್ಞನ ಪದ್ಯ ಎಲ್ಲ ಕಡೆಗೂ ಸಲ್ಲುತ್ತಿತ್ತು. ಅದನ್ನು ಕೂಡಿಹಾಕಿದವರು ಸಭೆಯನ್ನು ಬಿಡಲಿಲ್ಲ, ಕಲ್ಯಾಣವನ್ನೂ ಬಿಟ್ಟುಕೊಡಲಿಲ್ಲ; ಕ್ರೈಸ್ತರಾಗಿಯೇ ಬಾಳಿ ೧೯೬೨ರಲ್ಲಿ ಕಾಲವಾದರು. ಆದ್ದರಿಂದ ಅವರ ಬಗ್ಗೆ ಇನ್ನು ಮುಂದೆ ಬರೆಯುವವರು ‘ಕ್ರೈಸ್ತರಾಗಿದ್ದೂ’ ಎಂಬ ಜಾಗದಲ್ಲಿ ‘ಕ್ರೈಸ್ತರಾಗಿ’ ಎಂದಷ್ಟೇ ಬರೆದರೆ ಸಾಕು. ಅವರ ಬಾಳಿನ ಹೋರಾಟ ಆ ಒಂದು ತಿದ್ದುಪಡಿಗಾಗಿಯೇ ನಡೆದಿತ್ತು.