ಸುಳಿವಿನಲ್ಲಿ ಉಳಿದ ಸೈಕಲ್: ಗೂಢ ಪದಬಂಧ, ಶ್ಲೇಷ ಮತ್ತು ಹಳೆಯ ಆಡುಮಾತಿನ ಸಾಕ್ಷ್ಯ

ಇಂಗ್ಲಿಷಿನ ಗೂಢ ಪದಬಂಧಗಳನ್ನು ಅನೇಕಾರ್ಥತೆಯ ಸಿದ್ಧ ಭಂಡಾರವೆಂದು ಬಳಸಿಕೊಳ್ಳುವ ಆಸೆ ಶಬ್ದಾರ್ಥವಿಜ್ಞಾನದ ಸಂಶೋಧಕರಿಗೆ ಸಹಜವಾದುದು. ಒಂದೇ ಪದದ ಎರಡು ಅರ್ಥಗಳನ್ನು ಪಕ್ಕಪಕ್ಕದಲ್ಲಿಟ್ಟು ಕೊಡುವ ಆಕರ ಬೇರೆಡೆ ಸುಲಭವಾಗಿ ದೊರೆಯದು. ಆದರೆ ಸುಳಿವೊಂದು ಭಾಷೆಯ ಬಳಕೆಗೆ ಸಾಕ್ಷಿಯೇ, ಅಥವಾ ನಿಘಂಟಿನ ಪ್ರತಿಧ್ವನಿ ಮಾತ್ರವೇ? ಈ ಪ್ರಶ್ನೆಯನ್ನು ಸೈಕಲ್ಲಿಗೆ ಸಂಬಂಧಿಸಿದ ಸುಳಿವುಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳ ಸೈಕಲ್ ಸವಾರರ ಆಡುಮಾತಿನಲ್ಲಿ ಎಷ್ಟೋ ಪದಗಳು ದಿನಬಳಕೆಯಿಂದ ಮರೆಯಾಗಿ, ನಿಘಂಟು ಮತ್ತು ಪದಬಂಧಗಳಲ್ಲಿ ಉಳಿದುಕೊಂಡಿವೆ. ಆದ್ದರಿಂದ ಈ ಕ್ಷೇತ್ರ ಪರೀಕ್ಷೆಗೆ ತಕ್ಕುದು. ಕೆಳಗಿನ ಸುಳಿವುಗಳನ್ನು ವಿಶ್ಲೇಷಣೆಗಾಗಿ ನಾನೇ ರಚಿಸಿದ್ದೇನೆ. ಆವರಣದ ಅಂಕಿ ಉತ್ತರದಲ್ಲಿರುವ ಇಂಗ್ಲಿಷ್ ಅಕ್ಷರಗಳ ಸಂಖ್ಯೆ.

ಸುಳಿವಿನ ನ್ಯಾಯವನ್ನು ಕುರಿತು ‘ಆಫ್ರಿಟ್’ ಎಂಬ ಹೆಸರಿನಲ್ಲಿ ಪದಬಂಧ ರಚಿಸುತ್ತಿದ್ದ ಎ. ಎಫ್. ರಿಚಿ 1949ರಲ್ಲಿ ಹೇಳಿದ ನಿಯಮ ಪ್ರಸಿದ್ಧ. ರಚನಾಕಾರ ತಾನು ಹೇಳಿದಂತೆ ತೋರುವುದನ್ನೇ ಉದ್ದೇಶಿಸಬೇಕಿಲ್ಲ, ಆದರೆ ಉದ್ದೇಶಿಸಿದ್ದನ್ನು ಖಚಿತವಾಗಿ ಹೇಳಿರಬೇಕು ಎಂಬುದು ಅದರ ತಾತ್ಪರ್ಯ. ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಇದು ಶ್ಲೇಷದ ಕ್ಷೇತ್ರ: ಪದವನ್ನು ಒಡೆದು ಅರ್ಥ ಪಡೆದರೆ ಸಭಂಗ, ಒಡೆಯದೆ ಪಡೆದರೆ ಅಭಂಗ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಕಾವ್ಯದ ಶ್ಲೇಷದಲ್ಲಿ ಎರಡು ಅರ್ಥಗಳೂ ಕವಿಗೆ ಬೇಕು; ಪದಬಂಧದಲ್ಲಿ ಉತ್ತರ ಸಿಕ್ಕೊಡನೆ ಮೇಲ್ನೋಟದ ಅರ್ಥ ಬಿದ್ದುಹೋಗುತ್ತದೆ.

(1) ಸೆಡ್ ಪಾರ್ಟ್ ಆಫ್ ದ ವ್ಹೀಲ್ (5)

ಉತ್ತರ ‘ಸ್ಪೋಕ್’. ಮೇಲ್ನೋಟಕ್ಕೆ ‘ಸೆಡ್’ ಎಂಬುದು ‘ಮೇಲೆ ಹೇಳಿದ’ ಎಂಬ ವಿಶೇಷಣ. ಬಿಡಿಸಿದಾಗ ಅದು ಭೂತಕಾಲದ ಕ್ರಿಯಾಪದ. ಮಾತನಾಡಿದುದಕ್ಕೂ ಚಕ್ರದ ಅರಕ್ಕೂ ಯಾವ ಬಂಧುತ್ವವೂ ಇಲ್ಲ. ಇದು ಶುದ್ಧವಾದ ಸಮರೂಪತೆ, ಅಭಂಗ ಶ್ಲೇಷದ ಸರಳ ಮಾದರಿ.

(2) ಶೋ ಪ್ಲೆಶರ್, ಸೈಕ್ಲಿಂಗ್ ಮೈಲ್ಸ್ (5)

ಇಲ್ಲಿ ‘ಸೈಕ್ಲಿಂಗ್’ ಎಂಬುದು ಅಕ್ಷರಗಳನ್ನು ಚಕ್ರಾಕಾರವಾಗಿ ತಿರುಗಿಸಲು ಕೊಟ್ಟ ಆಜ್ಞೆ. ‘ಮೈಲ್ಸ್’ ಪದದ ಕೊನೆಯ ಎಸ್ ಅಕ್ಷರ ಮುಂದೆ ಬಂದರೆ ‘ಸ್ಮೈಲ್’. ಗಮನಿಸಬೇಕಾದುದು ಘಟಕರಚನೆ: ಮೇಲಿನ ಓದಿನಲ್ಲಿ ‘ಮೈಲ್ಸ್’ ಸವಾರನು ಕ್ರಮಿಸಿದ ದೂರ, ಒಳಗಿನ ಓದಿನಲ್ಲಿ ಅದೇ ವಿಶೇಷ್ಯ, ‘ಸೈಕ್ಲಿಂಗ್’ ಅದರ ಕೃದಂತ ವಿಶೇಷಣ. ಆದರೆ ‘ಸೈಕ್ಲಿಂಗ್’ ಪದದ ಎರಡು ಅರ್ಥಗಳು ಅಪರಿಚಿತರಲ್ಲ. ಎರಡೂ ಚಕ್ರವೆಂಬ ಗ್ರೀಕ್ ಮೂಲದವು. (1) ಮತ್ತು (2) ಆಟದ ದೃಷ್ಟಿಯಿಂದ ಸಮಾನ, ಶಬ್ದಾರ್ಥದ ದೃಷ್ಟಿಯಿಂದ ಅಲ್ಲ.

(3) ಕಾಮನ್‌ಪ್ಲೇಸ್ ಓಲ್ಡ್ ಬೈಕ್ (8)

ಉತ್ತರ ‘ಆರ್ಡಿನರಿ’. ಎತ್ತರದ ಮುಂಚಕ್ರದ ವಾಹನ ತನ್ನ ಕಾಲದಲ್ಲಿ ಕೇವಲ ‘ಬೈಸಿಕಲ್’ ಆಗಿತ್ತು. ‘ಸೇಫ್ಟಿ’ ಎಂಬ ಹೊಸ ಮಾದರಿ ಬಂದು, ಜಾನ್ ಕೆಂಪ್ ಸ್ಟಾರ್ಲಿಯ ರೋವರ್ 1885ರಲ್ಲಿ ಅದನ್ನು ನೆಲೆಗೊಳಿಸಿದ ಕಾಲದಲ್ಲಿ, ಹಳೆಯದಕ್ಕೆ ‘ಆರ್ಡಿನರಿ’ ಎಂಬ ಗುರುತು ಬೇಕಾಯಿತು. ಅಂದರೆ ಸುಳಿವು ಎರಡು ಅರ್ಥಗಳೆಂದು ತೋರಿಸುವುದು ವಾಸ್ತವವಾಗಿ ಒಂದೇ ಅರ್ಥದ ಸಂಕೋಚ. ಇಂದು ಜನಪ್ರಿಯವಾದ ‘ಪೆನ್ನಿ-ಫಾರ್ದಿಂಗ್’ ಎಂಬ ಹೆಸರು ದೊಡ್ಡ ಮತ್ತು ಚಿಕ್ಕ ನಾಣ್ಯಗಳ ಹೋಲಿಕೆಯಿಂದ, ವಾಹನ ಹಿಂದೆ ಸರಿಯುವ ಹೊತ್ತಿಗೆ ಬಂದದ್ದು. ಬಿಡಿಸುವವರು ಇವನ್ನು ಪರ್ಯಾಯಪದಗಳೆಂದು ಎಣಿಸುತ್ತಾರೆ. ಅವುಗಳ ಕಾಲಕ್ರಮ ಅಳಿಸಿಹೋಗುತ್ತದೆ. ಇನ್ನು ಕನ್ನಡದಲ್ಲಿ ‘ಬೈಕ್’ ಎಂದರೆ ಸಾಮಾನ್ಯವಾಗಿ ಮೋಟಾರ್‌ಸೈಕಲ್ಲೇ ಆದುದರಿಂದ, ಕನ್ನಡಿಗ ಓದುಗ ‘ಓಲ್ಡ್ ಬೈಕ್’ ಎಂಬಲ್ಲೇ ಬೇರೆ ದಾರಿ ಹಿಡಿಯಬಹುದು.

(4) ಹಾಟ್ ಡೇ ಫಾರ್ ಎ ಸ್ಪೀಡಿಂಗ್ ಸೈಕ್ಲಿಸ್ಟ್ ಒನ್ಸ್ (8)

ಉತ್ತರ ‘ಸ್ಕಾರ್ಚರ್’. 1890ರ ದಶಕದಲ್ಲಿ, ಹ್ಯಾಂಡಲ್ ಮೇಲೆ ಬಾಗಿ, ದಾರಿಹೋಕರನ್ನು ಲೆಕ್ಕಿಸದೆ ಧಾವಿಸುವ ಸವಾರನನ್ನು ಹೀಗೆ ಕರೆಯುತ್ತಿದ್ದರು. ಅಂದಿನ ನ್ಯೂಯಾರ್ಕಿನಲ್ಲಿ ಇಂತಹವರನ್ನು ಬೆನ್ನಟ್ಟಲು ಸೈಕಲ್ ಏರಿದ ಪೊಲೀಸರಿದ್ದರು. ಪಾದಚಾರಿಯ ಬಾಯಲ್ಲಿ ಅದು ಬೈಗುಳ, ಸವಾರರ ಬಳಗದಲ್ಲಿ ಕೆಲವೊಮ್ಮೆ ಹೆಮ್ಮೆ. ಸುಳಿವಿನ ‘ಒನ್ಸ್’ ಪದದ ಕಾಲವನ್ನು ಪ್ರಾಮಾಣಿಕವಾಗಿ ಸೂಚಿಸುತ್ತದೆ. ಯಾರು ಯಾರನ್ನು ಯಾವ ದನಿಯಲ್ಲಿ ಹಾಗೆಂದರು ಎಂಬುದನ್ನು ಸೂಚಿಸುವುದಿಲ್ಲ. ಆಫ್ರಿಟ್‌ನ ನಿಯಮ ಪೂರ್ಣವಾಗಿ ಪಾಲನೆಯಾಗಿದೆ. ಆದರೂ ಆಡುಮಾತನ್ನು ಆಡುಮಾತಾಗಿಸಿದ ಅಂಶವೇ ಕಳೆದುಹೋಗಿದೆ.

ಪದಬಂಧ ಆಟವೇ ಹೊರತು ನಿಘಂಟಲ್ಲ, ಅದರಿಂದ ಇಷ್ಟನ್ನು ನಿರೀಕ್ಷಿಸುವುದು ಅನ್ಯಾಯ ಎಂಬ ಆಕ್ಷೇಪಕ್ಕೆ ತೂಕವಿದೆ. ನನ್ನ ವಿಮರ್ಶೆ ರಚನಾಕಾರರ ಮೇಲಲ್ಲ. ಸುಳಿವನ್ನು ಪ್ರಯೋಗವೆಂದು ಎಣಿಸುವ ವಿಧಾನದ ಮೇಲೆ. ಸುಳಿವಿನಲ್ಲಿ ಪದದ ಉಲ್ಲೇಖವಿದೆ, ಪ್ರಯೋಗವಿಲ್ಲ. ನೂರು ಪದಬಂಧಗಳಲ್ಲಿ ‘ಸ್ಕಾರ್ಚರ್’ ಬಂದರೂ ಆ ಪದ ಸವಾರನ ಅರ್ಥದಲ್ಲಿ ಜೀವಂತವಾಗಿದೆ ಎಂದು ಸಿದ್ಧವಾಗುವುದಿಲ್ಲ.

(5) ಬೈಕ್ ಫಾರ್ ಟೂ ಅಟ್ ಲೆಂಗ್ತ್ ಇನ್ ಏನ್ಶೆಂಟ್ ರೋಮ್ (6)

‘ಟ್ಯಾಂಡೆಮ್’ ಈ ವಾದಕ್ಕೆ ಉಪಯುಕ್ತ ತಿದ್ದುಪಡಿ. ಲ್ಯಾಟಿನ್‌ನಲ್ಲಿ ಅದು ‘ಕೊನೆಗೂ’ ಎಂಬ ಕಾಲವಾಚಕ. ಇಂಗ್ಲಿಷಿನಲ್ಲಿ ಆ ಅರ್ಥವನ್ನು ಕೊಡುವ ‘ಅಟ್ ಲೆಂಗ್ತ್’ ಎಂಬುದರಲ್ಲಿ ಉದ್ದವೂ ಅಡಗಿರುವುದರಿಂದ, ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಯಾರೋ ಲ್ಯಾಟಿನ್ ಬಲ್ಲ ವಿನೋದಪ್ರಿಯರು ಅದನ್ನು ಒಂದರ ಹಿಂದೊಂದು ಕುದುರೆ ಕಟ್ಟಿದ ಗಾಡಿಗೆ ಹಚ್ಚಿದರು. ಮುಂದೆ ಅದು ಇಬ್ಬರ ಸೈಕಲ್ಲಿಗೆ ದಾಟಿತು. ಇಲ್ಲಿ ಶ್ಲೇಷ ಪದಬಂಧದ ಕೊಡುಗೆಯಲ್ಲ, ಪದದ ಹುಟ್ಟೇ ಶ್ಲೇಷ. ಇಂತಹ ಸುಳಿವು ಪದದ ಚರಿತ್ರೆಯನ್ನು ಅಳಿಸುವ ಬದಲು ಮರುನಡೆಸುತ್ತದೆ.

ಆದ್ದರಿಂದ ಪದಬಂಧಗಳನ್ನು ದತ್ತಾಂಶವಾಗಿ ಬಳಸುವವರು ಪ್ರತಿಯೊಂದು ಸುಳಿವಿಗೂ ಮೂರು ಪ್ರಶ್ನೆಗಳನ್ನು ಹಾಕಬೇಕು: ಎರಡು ಅರ್ಥಗಳು ಮೂಲದಲ್ಲಿ ಬೇರೆಯೇ, ಒಂದೇ? ಅವು ಒಂದೇ ಕಾಲದಲ್ಲಿ ಬಳಕೆಯಲ್ಲಿದ್ದವೇ? ಅಂದಿನ ಬಳಕೆದಾರರ ಮನೋಭಾವ ಸುಳಿವಿನಲ್ಲಿ ಉಳಿದಿದೆಯೇ? ಮೊದಲ ಎರಡಕ್ಕೆ ಒಳ್ಳೆಯ ನಿಘಂಟು ಉತ್ತರಿಸಬಲ್ಲದು. ಮೂರನೆಯದಕ್ಕೆ ಅಂದಿನ ಪತ್ರಿಕೆ, ಪತ್ರ, ನ್ಯಾಯಾಲಯದ ದಾಖಲೆಗಳಿಗೇ ಹೋಗಬೇಕು.