ವರಹದ ನೆರಳಿನಲ್ಲಿ ತಾಮ್ರದ ಕಾಸು

ಈಚೆಗೆ ನಮ್ಮ ಈ ಮಹಾನಗರದಲ್ಲಿ ನಡೆದ ಹಳೆಯ ನಾಣ್ಯಗಳ ಪ್ರದರ್ಶನವೊಂದಕ್ಕೆ ಮಕ್ಕಳೊಡನೆ ಹೋಗಿದ್ದೆ. ವಿಜಯನಗರದ ಚಿನ್ನದ ವರಹಗಳಿಗೆ ಮಖಮಲ್ಲಿನ ಹಾಸು, ಪ್ರತ್ಯೇಕ ದೀಪ, ಅರಸನ ಹೆಸರು, ತೂಕ ಎಲ್ಲವೂ ಇದ್ದವು. ತಾಮ್ರದ ಕಾಸುಗಳಾದರೋ ಒಂದೇ ತಟ್ಟೆಯಲ್ಲಿ ರಾಶಿ ಬಿದ್ದಿದ್ದವು. ‘ಒರಟು ಕೆಲಸದ ಚಿಲ್ಲರೆ ನಾಣ್ಯಗಳು’ ಎಂದಷ್ಟೇ ಚೀಟಿ. ಈ ತೀರ್ಪು ಒಪ್ಪತಕ್ಕದ್ದಲ್ಲ.

ತಾಮ್ರದ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಅದರ ಮೇಲೆ ಇನ್ನೊಂದು ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಬಿಲ್ಲೆ ಅಚ್ಚಿಗಿಂತ ಚಿಕ್ಕದಾದರೆ ಅಂಚಿನ ಅಕ್ಷರಗಳು ಹೊರಗುಳಿಯುತ್ತವೆ. ಪೆಟ್ಟು ಓರೆಯಾದರೆ ಚಿತ್ರ ಒಂದು ಕಡೆಗೆ ಸರಿಯುತ್ತದೆ. ಅಷ್ಟರಿಂದ ಅಚ್ಚು ಕೊರೆದವನ ಕೈಯೇ ಒರಟೆನ್ನಲಾದೀತೆ? ಇಮ್ಮಡಿ ದೇವರಾಯನ (1424–1446) ಕಾಸಿನ ಆನೆಯನ್ನು ನೋಡಬೇಕು. ಉಗುರಗಲದ ಜಾಗದಲ್ಲಿ ಮೈಯ ಭಾರ, ಸೊಂಡಿಲಿನ ಬಾಗು ಎರಡೂ ಮೂಡಿವೆ. ಕೃಷ್ಣದೇವರಾಯನ (1509–1529) ಕಾಸಿನಲ್ಲಿ ಒಂದು ಬದಿಗೆ ಗರುಡ, ಇನ್ನೊಂದು ಬದಿಗೆ ನಾಗರಿ ಲಿಪಿಯಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’. ಒಂದು ಕಾಸಿನಲ್ಲಿ ತಪ್ಪಿಹೋದ ಅಕ್ಷರ ಇನ್ನೊಂದರಲ್ಲಿ ಸಿಕ್ಕುತ್ತದೆ. ಆದಕಾರಣ ಇವನ್ನು ರಾಶಿ ಹಾಕದೆ ಸಾಲಾಗಿ ಜೋಡಿಸಿಡಬೇಕಿತ್ತು. ಆಗ ಮಕ್ಕಳೂ ಕೂಡಿಸಿ ಓದುತ್ತಿದ್ದರು.

ಗುಮಾಸ್ತನಾದ ನನಗೆ ಲೆಕ್ಕದ ಮಾತೂ ಒಂದುಂಟು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿಯ ನಾಣ್ಯಗಳ ಬೆಲೆಯನ್ನು ಬರೆದಿಟ್ಟಿದ್ದಾನೆ. ವರಹಕ್ಕೆ 2 ಪ್ರತಾಪ, ಪ್ರತಾಪಕ್ಕೆ 10 ಹಣ, ಹಣಕ್ಕೆ 6 ಬೆಳ್ಳಿಯ ತಾರ, ತಾರಕ್ಕೆ 3 ತಾಮ್ರದ ಜಿತಲ್. ಗುಣಿಸಿದರೆ ವರಹವೊಂದಕ್ಕೆ 360 ಜಿತಲ್ ಆಯಿತು. ವರಹ ಹಿಡಿದುಕೊಂಡು ಸೊಪ್ಪು ಕೊಳ್ಳಲು ಹೋಗುವವರುಂಟೆ? ಮುತ್ತುರತ್ನಗಳನ್ನು ಬೀದಿಯಲ್ಲಿ ಮಾರಿದ ಕಥೆಯನ್ನು ನಾವು ಪರಸ್ಥಳದಲ್ಲಿ ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಸೊಪ್ಪು, ಎಲೆಅಡಕೆ ಕೊಂಡವರ ಕಥೆ ಈ ಕಾಸಿನಲ್ಲಿದೆ, ಅದನ್ನೂ ಹೇಳಬೇಡವೆ?

ಹೊಳಪಿಗೆ ಮರುಳಾಗುವ ತಪ್ಪು ಪ್ರದರ್ಶನದವರದು ಮಾತ್ರವಲ್ಲ. ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಹಸಿರುಗಟ್ಟಿದ ಕಾಸೊಂದಿತ್ತು. ಹಿಂದೊಮ್ಮೆ ಹಬ್ಬಕ್ಕೆ ಪಾತ್ರೆಗಳ ಜತೆಗೆ ಅದನ್ನೂ ಹುಣಸೆಹಣ್ಣು ಹಾಕಿ ಉಜ್ಜಿದವನು ನಾನೇ. ಹುಳಿ ಹಸಿರನ್ನಷ್ಟೇ ಅಲ್ಲ, ಅದರಡಿಯ ಸವೆದ ಗೆರೆಗಳನ್ನೂ ತಿಂದೀತೆಂಬುದು ಬಿ.ಎಸ್‌ಸಿ. ಓದಿದವನಿಗೆ ಆ ದಿನ ಹೊಳೆಯಲಿಲ್ಲ. ಕಾಸು ಥಳಥಳಿಸಿತು. ಅದು ಯಾವ ಅರಸನದೆಂದು ಮಗಳು ಕೇಳಿದರೆ ಈಗ ತೋರಿಸಲು ಒಂದಕ್ಷರವೂ ಉಳಿದಿಲ್ಲ. ನಿಮ್ಮ ಮನೆಯಲ್ಲಿ ಅಂಥದೊಂದಿದ್ದರೆ ದಯವಿಟ್ಟು ಹಾಗೆಯೇ ಇರಗೊಡಿ.