ಕಡಲಕಾಳಗದ ವೀರಗಲ್ಲುಗಳು: ಒಂದು ವಿಮರ್ಶೆ

ವೀರಗಲ್ಲೆಂದೊಡನೆ ತುರುಗೋಳು, ಊರಳಿವುಗಳ ಚಿತ್ರವೇ ನಮ್ಮ ಕಣ್ಣೆದುರು ನಿಲ್ಲುತ್ತದೆ. ಆದರೆ ನಿತ್ಯವೂ ಕಡಲನ್ನು ಕಾಣುವ ಕಾರವಾರ, ಅಂಕೋಲೆಗಳ ಓದುಗರಿಗೆ ಹಡಗಿನ ಮೇಲೆ ಮಡಿದವರ ಕಲ್ಲುಗಳು ಹೆಚ್ಚು ಹತ್ತಿರದವೆನಿಸುವುದು ಸಹಜ. ಕಾಳೀನದಿಯಾಚೆಯ ಗೋವೆಯಲ್ಲಿ ಕದಂಬರ ಕಾಲದ ನೌಕಾಯುದ್ಧದ ಶಿಲ್ಪಗಳು ದೊರೆತಿವೆ. ಮುಂಬಯಿಯ ಬೋರಿವಲಿಗೆ ಸಮೀಪದ ಎಕ್ಸಾರದ ಕಲ್ಲುಗಳಂತೂ ಈ ವರ್ಗದಲ್ಲಿ ಸುಪ್ರಸಿದ್ಧವಾದವು.

ಎಕ್ಸಾರದ ಶಿಲ್ಪವು ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ ದೇವಗಿರಿಯ ಯಾದವ ಮಹಾದೇವನಿಗೂ ಸುಮಾರು 1265ರಲ್ಲಿ ನಡೆದ ಕಾಳಗವನ್ನು ಚಿತ್ರಿಸುತ್ತದೆಂಬುದು ಹಲವು ವಿದ್ವಾಂಸರ ಮತ. ಸೋಮೇಶ್ವರನು ಸಮುದ್ರದಲ್ಲಿ ಮುಳುಗಿದನೆಂಬುದಕ್ಕೆ ಹೇಮಾದ್ರಿಯ ಪ್ರಶಸ್ತಿಯೇ ಆಧಾರ. ಆದರೆ ಕಾಳಗದ ಹೆಸರನ್ನು ಕಲ್ಲು ತಾನಾಗಿ ಹೇಳುವುದಿಲ್ಲ. ಆದುದರಿಂದ ಈ ನಿರ್ಣಯವು ಊಹೆಯ ಎಲ್ಲೆಯನ್ನು ದಾಟಿಲ್ಲ. ಬೇಗೂರಿನ ಗಂಗರ ಕಲ್ಲು ಹಾಗಲ್ಲ. ತುಂಬೆಪಾಡಿಯಲ್ಲಿ ವೀರಮಹೇಂದ್ರನೊಡನೆ ಕಾದಿ ಮಡಿದ ನಾಗತ್ತರನನ್ನೂ, ಬಳಿಕ ಇರುಗನಿಗೆ ದೊರೆತ ಬೆಂಪೂರು ಹನ್ನೆರಡನ್ನೂ ಅದರ ಶಾಸನವೇ ಹೆಸರಿಸುತ್ತದೆ. ಅಲ್ಲಿ ಅಕ್ಷರವು ಚಿತ್ರಕ್ಕೆ ಸಾಕ್ಷಿ. ಎಕ್ಸಾರದಲ್ಲಿ ಚಿತ್ರಕ್ಕೆ ಚಿತ್ರವೇ ಸಾಕ್ಷಿ.

ಹೆಸರಿಲ್ಲದಿರುವುದು ಚರಿತ್ರಕಾರನಿಗೆ ಕೊರತೆಯಾದರೂ ಶಿಲ್ಪಕ್ಕೆ ಕೊರತೆಯಲ್ಲ. ಕೆಳಗಿನ ಪಟ್ಟಿಕೆಗಳಲ್ಲಿ ಹಾಯಿಕಂಬಗಳೂ ಸಾಲುಹುಟ್ಟುಗಳೂ ಒಂದೇ ಲಯದಲ್ಲಿ ಮರುಕಳಿಸುತ್ತವೆ. ಅಲ್ಲಿ ಒಬ್ಬನ ಪರಾಕ್ರಮಕ್ಕಿಂತ ಹಲವರ ದುಡಿಮೆ ಎದ್ದು ಕಾಣುತ್ತದೆ. ಮೇಲೇರಿದಂತೆ ಗದ್ದಲವಡಗಿ ಲಿಂಗಪೂಜೆಯೂ ಕೈಲಾಸವೂ ತೋರುತ್ತವೆ.

ಇಲ್ಲಿಯೇ ಭಕ್ತನಾದ ಓದುಗನು ಎಚ್ಚರ ವಹಿಸಬೇಕು. ಮೇಲೆ ಲಿಂಗವಿದೆಯೆಂಬ ಕಾರಣದಿಂದ ಕೆಳಗಿನ ಕೊಲೆಯೆಲ್ಲ ಶಿವಪೂಜೆಯೆಂದು ಬಗೆಯುವುದು ಶಿಲ್ಪಕ್ಕೂ ಧರ್ಮಕ್ಕೂ ಸಲ್ಲದು. ಶಿಲ್ಪಿಯು ಲಿಂಗವನ್ನು ಹಡಗಿನಲ್ಲಿರಿಸಲಿಲ್ಲ. ಸಾವಿನಾಚೆ, ಬೇರೊಂದು ಪಟ್ಟಿಕೆಯಲ್ಲಿ ಇರಿಸಿದನು. ಎರಡರ ನಡುವಣ ಅಂತರವೇ ಕೃತಿಯ ಅರ್ಥ. ಶಿವಜೀವೈಕ್ಯವನ್ನು ಬೋಧಿಸುವ ವಿದ್ಯೆಯಲ್ಲಿ ರಮಿಸುವವನೇ ವೀರಶೈವನೆಂದು ಸಿದ್ಧಾಂತಶಿಖಾಮಣಿಯು ನಿರ್ವಚಿಸುತ್ತದೆ. ಆ ವೀರತ್ವಕ್ಕೆ ಶತ್ರು ಎದುರಿನ ಹಡಗಿನವನಲ್ಲ, ಒಳಗಿನ ಅಹಂಕಾರ. ಆದರೂ ಊರಿಗಾಗಿ, ಒಡೆಯನಿಗಾಗಿ ಪ್ರಾಣವಿತ್ತವನನ್ನು ನೆನೆಯುವುದು ಕೃತಜ್ಞತೆಯ ಧರ್ಮ. ಆ ನೆನಪನ್ನು ಹಗೆತನಕ್ಕೆ ಬಳಸುವುದು ಅಧರ್ಮ.

ಕರಾವಳಿಯ ಗುಡಿಯ ಮಗ್ಗುಲಲ್ಲೋ ಗದ್ದೆಯ ಬದುವಿನಲ್ಲೋ ವೀರಗಲ್ಲು ಕಂಡಾಗ ನಮ್ಮ ವಿದ್ಯಾರ್ಥಿಗಳು ಅದಕ್ಕೆ ಬಣ್ಣ, ಸಿಮೆಂಟು ಬಳಿಯದಂತೆ ಊರವರಿಗೆ ತಿಳಿಯಹೇಳಬೇಕು. ಬಳಿಕ ಕೆಳಗಿನಿಂದ ಮೇಲಕ್ಕೆ, ಪಟ್ಟಿಕೆ ಪಟ್ಟಿಕೆಯಾಗಿ ಓದಬೇಕು. ಹೆಸರಳಿದವರಿಗೆ ನಾವು ಸಲ್ಲಿಸಬಹುದಾದ ಗೌರವವು ಅದೇ.